ಬಾವುಟದ ಊಟ, ಮಂಗಳವಾರದ ಅಡುಗೆ

ಜರ್ಮನಿಯ ವಿದ್ಯಾರ್ಥಿ ಹಾಸ್ಟೆಲುಗಳಲ್ಲಿ ಆಗಾಗ ‘ಅಂತರರಾಷ್ಟ್ರೀಯ ಊಟದ ಸಂಜೆ’ ನಡೆಯುತ್ತದೆ. ಒಂದೊಂದು ದೇಶದವರು ಒಂದೊಂದು ಪಾತ್ರೆ ತರುತ್ತಾರೆ, ಪಕ್ಕದಲ್ಲಿ ಪುಟ್ಟ ಬಾವುಟ ಸಿಗಿಸುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಊಟ ಚೆನ್ನಾಗಿಯೇ ಇರುತ್ತದೆ. ಆದರೆ ಬೇರೆ ದೇಶದ ಗೆಳೆಯರಿಂದ ಅಡುಗೆ ಕಲಿಯುವುದೆಂದರೆ ಇದೇ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅಲ್ಲಿಗೆ ಬರುವುದು ಮುಗಿದ ಅಡುಗೆ. ನಮ್ಮವರ ಮೇಜನ್ನೇ ನೋಡಿ: ರೊಟ್ಟಿ-ಎಣಗಾಯಿ ತಿಂದು ಬೆಳೆದ ಹಾವೇರಿಯವನೂ ಮುದ್ದೆ-ಬಸ್ಸಾರು ತಿಂದು ಬೆಳೆದ ಮಂಡ್ಯದವನೂ ಸೇರಿಕೊಂಡು ಪನೀರ್ ಬಟರ್ ಮಸಾಲ ಮಾಡಿರುತ್ತಾರೆ. ಇಬ್ಬರ ಮನೆಯಲ್ಲೂ ಮಾಡದ್ದು ಅಲ್ಲಿ ‘ಭಾರತದ ಅಡುಗೆ’ಯಾಗಿ ಬಡಿಸಲ್ಪಡುತ್ತದೆ.

ನಿಜವಾದ ಕಲಿಕೆ ಯಾರೂ ಫೋಟೊ ತೆಗೆಯದ ಮಂಗಳವಾರ, ಬುಧವಾರಗಳದ್ದು. ಮಧ್ಯಾಹ್ನದ ಊಟ ಮೆನ್ಸಾ ಎಂಬ ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ಅಗ್ಗಕ್ಕೆ ಮುಗಿಯುತ್ತದೆ. ರಾತ್ರಿ ಏಳರ ಹೊತ್ತಿಗೆ ಒಂದು ಮಹಡಿಯವರೆಲ್ಲ ಒಂದೇ ಅಡುಗೆಮನೆಗೆ ಬರುತ್ತಾರೆ. ಒಲೆ ಖಾಲಿಯಾಗಲಿ ಎಂದು ಕಾಯುವವರಿಗೆ ಪಕ್ಕದವರ ಕೈ ನೋಡುವುದು ಬಿಟ್ಟರೆ ಬೇರೆ ಕೆಲಸವಿಲ್ಲ.

ಇರಾನಿನ ಗೆಳತಿ ಅನ್ನ ಮಾಡುವುದನ್ನು ಹೀಗೆ ನೋಡಬೇಕು. ಅಕ್ಕಿಯನ್ನು ಉಪ್ಪುನೀರಿನಲ್ಲಿ ನೆನೆಸಿ, ಧಾರಾಳ ನೀರಿನಲ್ಲಿ ಕುದಿಸಿ, ಅಗುಳಿನ ನಡುವೆ ಇನ್ನೂ ಗಟ್ಟಿ ಇರುವಾಗಲೇ ಬಸಿದುಬಿಡುತ್ತಾಳೆ. ಗಂಜಿ ಬಸಿಯುವುದು ನಮ್ಮ ಅಜ್ಜಿಯರಿಗೂ ಗೊತ್ತಿತ್ತು, ಇಲ್ಲಿವರೆಗೆ ಹೊಸದೇನಿಲ್ಲ. ಆಮೇಲೆ ತಳಕ್ಕೆ ಎಣ್ಣೆ ಹಾಕಿ, ಆಲೂಗಡ್ಡೆಯ ಬಿಲ್ಲೆ ಹಾಸಿ, ಮೇಲೆ ಅನ್ನ ಗುಡ್ಡೆ ಮಾಡಿ, ಸೌಟಿನ ಹಿಡಿಯಿಂದ ಅಲ್ಲಲ್ಲಿ ತೂತು ಮಾಡುತ್ತಾಳೆ. ಮುಚ್ಚಳಕ್ಕೆ ಬಟ್ಟೆ ಸುತ್ತಿ ಮುಚ್ಚುತ್ತಾಳೆ. ಹಬೆ ನೀರಾಗಿ ಅನ್ನದ ಮೇಲೆ ತೊಟ್ಟಿಕ್ಕಬಾರದಲ್ಲ. ಸಣ್ಣ ಕಾವಿನಲ್ಲಿ ಮುಕ್ಕಾಲು ಗಂಟೆ ಬಿಟ್ಟರೆ ತಳದಲ್ಲಿ ಹೊಂಬಣ್ಣದ ಗರಿಗರಿ ಪದರ, ತಹದೀಗ್. ನಮ್ಮಲ್ಲಿ ಅನ್ನ ತಳ ಹಿಡಿದರೆ ಬೈಗುಳ, ಅವರಲ್ಲಿ ಆ ತಳಕ್ಕೇ ಪೈಪೋಟಿ. ಯೂಟ್ಯೂಬಿನಲ್ಲೂ ಇದೆಲ್ಲ ಸಿಗುತ್ತದೆ, ನಿಜ. ಆದರೆ ಅರ್ಧದಲ್ಲಿ ಮುಚ್ಚಳ ತೆಗೆಯಲು ಹೋದರೆ ಅದು ನಿಮ್ಮ ಕೈಗೆ ಏಟು ಕೊಡುವುದಿಲ್ಲ.

ಒಲೆಯದೂ ಒಂದು ಪಾಠ. ಅಲ್ಲಿನದು ಗಾಜಿನ ಮೇಲ್ಮೈಯ ವಿದ್ಯುತ್ ಒಲೆ, ಗುಂಡಿಯನ್ನು ಸೊನ್ನೆಗೆ ತಿರುಗಿಸಿದರೂ ಕಾವು ಬೇಗ ಇಳಿಯುವುದಿಲ್ಲ. ಒಗ್ಗರಣೆಗೆ ಇದಕ್ಕಿಂತ ದೊಡ್ಡ ಶತ್ರುವಿಲ್ಲ. ಸಾಸಿವೆ ಸಿಡಿದು ಮುಗಿಯುವಷ್ಟರಲ್ಲಿ ಉದ್ದಿನಬೇಳೆ ಕಪ್ಪು. ಅಡುಗೆ ಮುಗಿಯುವ ಮೊದಲೇ ಒಲೆ ಆರಿಸಿ ಉಳಿದ ಕಾವಿನಲ್ಲಿ ಬೇಯಿಸುವುದು ಜರ್ಮನ್ ಹುಡುಗರಿಗೆ ರೂಢಿ. ಅವರನ್ನು ನೋಡಿದವನು ಬಾಣಲೆಯನ್ನೇ ಪಕ್ಕಕ್ಕೆತ್ತಿ ಒಗ್ಗರಣೆ ಕೊಡಲು ಕಲಿಯುತ್ತಾನೆ. ಊರಿನಿಂದ ತುಪ್ಪ ಹೊತ್ತು ತರುವಂತಿಲ್ಲ, ಐರೋಪ್ಯ ಒಕ್ಕೂಟದ ಹೊರಗಿನಿಂದ ಪ್ರಯಾಣಿಕರು ಹಾಲಿನ ಪದಾರ್ಥ ತರಲು ನಿಷೇಧವಿದೆ. ಸೂಪರ್‌ಮಾರ್ಕೆಟ್ಟಿನಲ್ಲಿ ಸಿಗುವ ಬುಟರ್‌ಶ್ಮಾಲ್ಟ್ಸ್ ಹೆಚ್ಚುಕಡಿಮೆ ತುಪ್ಪವೇ ಎಂದು ಹೇಳುವುದಕ್ಕೂ ಒಬ್ಬ ಜರ್ಮನ್ ಗೆಳೆಯನೇ ಬೇಕಾಗುತ್ತದೆ.

ಈ ಅಡುಗೆಮನೆಯನ್ನು ವಿಶ್ವಮಾನವರ ಆಶ್ರಮ ಎಂದು ಹೊಗಳಲು ನನಗೆ ಮನಸ್ಸಿಲ್ಲ. ಬಾಣಲೆಯ ಪ್ರಶ್ನೆ ಬಂದಾಗ ಸಲಿಗೆಯ ಅಳತೆ ಗೊತ್ತಾಗುತ್ತದೆ. ದನದ ಮಾಂಸ ಹುರಿದ ಬಾಣಲೆಯಲ್ಲಿ ನಮ್ಮಲ್ಲಿ ಅನೇಕರು ಮಾಡಿಕೊಳ್ಳುವುದಿಲ್ಲ, ಹಂದಿ ಮಾಂಸ ಬೆಂದದ್ದರಲ್ಲಿ ಮುಸ್ಲಿಂ ಗೆಳೆಯರು ಮಾಡಿಕೊಳ್ಳುವುದಿಲ್ಲ. ಬೇರೆ ಬಾಣಲೆ ಇಟ್ಟುಕೊಳ್ಳುವುದರಲ್ಲಿ ತಪ್ಪೇನಿಲ್ಲ. ಪಕ್ಕದವರ ಪಾತ್ರೆ ಕಂಡು ಮೂಗು ಮುರಿಯುವುದು ತಪ್ಪು, ಅದರಲ್ಲಿ ನಮ್ಮವರು ಯಾರಿಗೂ ಕಡಿಮೆಯಿಲ್ಲ. ತಮಾಷೆಯೆಂದರೆ, ಹಾಗೆ ಮೂಗು ಮುರಿದ ಸಸ್ಯಾಹಾರಿಯೇ ಪಾಸ್ತಾದ ಮೇಲೆ ಇಟಲಿಯ ಪಾರ್ಮೆಸಾನ್ ತುರಿದುಕೊಂಡು ತಿನ್ನುತ್ತಿರುತ್ತಾನೆ. ಆ ಚೀಸಿಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಅದನ್ನು ತಿಳಿಸಿದ ಇಟಲಿಯ ಗೆಳೆಯ ಒಳ್ಳೆಯ ಮೇಷ್ಟ್ರೇ ಸರಿ.

2022-23ರ ಚಳಿಗಾಲದ ಸೆಮಿಸ್ಟರಿನಲ್ಲಿ ಜರ್ಮನಿಯ ವಿದೇಶಿ ವಿದ್ಯಾರ್ಥಿಗಳ ಪೈಕಿ ಭಾರತೀಯರು ಚೀನಾದವರನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೆ ಬಂದರು. ಸಂಖ್ಯೆ ಹೆಚ್ಚಿದಷ್ಟೂ ನಮ್ಮವರು ನಮ್ಮವರೇ ಸೇರಿ ಮನೆ ಹಿಡಿಯುವುದು ಸಲೀಸಾಗಿದೆ. ಅಲ್ಲಿ ಅಡುಗೆಗೆ ಸರದಿ, ಕುಕ್ಕರಿನಲ್ಲಿ ಅನ್ನ, ಪುಡಿ ಹಾಕಿ ಸಾರು. ಖರ್ಚು ಕಡಿಮೆ, ಹೊಟ್ಟೆಗೆ ಹಿತ. ತಪ್ಪು ಹುಡುಕಲು ಏನೂ ಇಲ್ಲ. ಮನೆಯಲ್ಲಿ ಕಾಫಿ ಲೋಟ ತೊಳೆಯದ ಹುಡುಗ ಅಲ್ಲಿ ಈರುಳ್ಳಿ ಹೆಚ್ಚುತ್ತಾನೆ ಎಂಬುದೂ ದೊಡ್ಡದೇ. ಆದರೆ ಅವನು ಕಲಿತದ್ದು ಅಮ್ಮ ಫೋನಿನಲ್ಲಿ ಹೇಳಿಕೊಟ್ಟದ್ದನ್ನು. ಅಷ್ಟಕ್ಕೆ ಅಷ್ಟು ದೂರ ಹೋಗಬೇಕಾಗಿರಲಿಲ್ಲ.

ಮುಂದಿನ ಸೆಮಿಸ್ಟರಿಗೆ ಹೊರಡುವವರಿದ್ದರೆ ಹಾಸ್ಟೆಲಿನ ಅರ್ಜಿಯಲ್ಲಿ ಸ್ವಂತ ಅಡುಗೆಮನೆಯ ಕೋಣೆ ಕೇಳಬೇಡಿ, ಮಹಡಿಗೊಂದೇ ಅಡುಗೆಮನೆ ಇರುವಲ್ಲಿ ಕೋಣೆ ಕೇಳಿ. ಸಾಮಾನ್ಯವಾಗಿ ಅದರ ಬಾಡಿಗೆಯೂ ಕಡಿಮೆ.