ಸಲ್ಲೇಖನ: ತೀರ್ಮಾನ ಯಾರದು?

2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಜೈನರ ಸಂಥಾರಾ ವ್ರತವನ್ನು ಆತ್ಮಹತ್ಯೆ ಎಂದು ಕರೆದು, ಕೈಗೊಂಡವರ ಮೇಲೂ ಕುಮ್ಮಕ್ಕು ಕೊಟ್ಟವರ ಮೇಲೂ ಕೇಸು ಹಾಕಿ ಎಂದಿತು. ಅದೇ ತಿಂಗಳ 31ಕ್ಕೆ ಸುಪ್ರೀಂ ಕೋರ್ಟಿನಿಂದ ತಡೆಯಾಜ್ಞೆ ಬಂತು. ಸಂಥಾರಾ ಎಂದರೆ ನಮ್ಮ ಕಡೆಯ ಸಲ್ಲೇಖನವೇ, ಸಾವಿನವರೆಗಿನ ಉಪವಾಸ. ಅದು ಧರ್ಮದ ಅವಿಭಾಜ್ಯ ಆಚರಣೆಯೋ ಅಲ್ಲವೋ ಎಂಬುದರ ಸುತ್ತಲೇ ಹೈಕೋರ್ಟು ಬಹಳ ಹೊತ್ತು ನಿಂತಿತು. ಅನ್ನ ಬಿಡುವ ತೀರ್ಮಾನ ಯಾರದು, ಎಂಥ ಸ್ಥಿತಿಯಲ್ಲಿ ಆದದ್ದು ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ.

ಶಾಸ್ತ್ರ ಈ ಪ್ರಶ್ನೆಗೆ ಅಂಜುವುದಿಲ್ಲ. ಜೈನಾಚಾರ್ಯ ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ದ ಪ್ರಕಾರ ಉಪಸರ್ಗ (ವಿಪತ್ತು), ಬರ, ಮುಪ್ಪು, ರೋಗ ಇವು ಪರಿಹಾರವೇ ಇಲ್ಲದ ಮಟ್ಟ ಮುಟ್ಟಿದಾಗ ಮಾತ್ರ ಸಲ್ಲೇಖನ. ಎಲ್ಲರ ಕ್ಷಮೆ ಕೇಳಿ, ಅನ್ನದಿಂದ ಪೇಯಕ್ಕೆ, ಪೇಯದಿಂದ ಉಪವಾಸಕ್ಕೆ ಹಂತಹಂತವಾಗಿ ಬರಬೇಕು. ಬೇಗ ಸಾಯಬೇಕೆಂಬ ಆಸೆಯೂ ಅಲ್ಲಿ ದೋಷ. ಇವತ್ತು ಐಸಿಯು ಬಾಗಿಲಲ್ಲಿ ನಿಂತು “ಕೈಲಾದ್ದೆಲ್ಲ ಮಾಡಿ ಡಾಕ್ಟ್ರೇ” ಎನ್ನುವ ಮಕ್ಕಳಿಗೆ ಒಳಗೆ ಮಲಗಿದವರ ಮನಸ್ಸು ಗೊತ್ತಿರುವುದು ಅಪರೂಪ. ಸಲ್ಲೇಖನದಲ್ಲಿ ಸಾವಿನ ಹತ್ತಿರ ಬಂದವರೇ ಮಾತಾಡುತ್ತಾರೆ. ಅದರ ಈ ಗುಣವನ್ನು ನಾನು ಮನಸಾರೆ ಗೌರವಿಸುತ್ತೇನೆ.

ಆದರೆ ಆಚರಣೆ ಯಾವಾಗಲೂ ಶಾಸ್ತ್ರ ಎಳೆದ ಗೆರೆಯೊಳಗೇ ಇತ್ತೆ? ಶ್ರವಣಬೆಳಗೊಳದ ಶಾಸನವೊಂದರಲ್ಲಿ ಮಾಚಿಕಬ್ಬೆಯ ಕಥೆಯಿದೆ. ಅವಳ ಮಗಳು, ಹೊಯ್ಸಳ ರಾಣಿ ಶಾಂತಲೆ, 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳಿಲ್ಲದೆ ಉಳಿಯಲಾರೆನೆಂದು ತಾಯಿ ಬೆಳಗೊಳಕ್ಕೆ ಬಂದು, ಗುರುಗಳ ಸಮ್ಮುಖದಲ್ಲಿ ತಿಂಗಳು ಉಪವಾಸವಿದ್ದು ದೇಹ ಬಿಟ್ಟಳು. ಶಾಸನಕ್ಕೆ ಅದು ಅಭಿಮಾನದ ಸಂಗತಿ. ನನಗೆ ಕಾಣುವುದು ಆ ತಾಯಿಯ ಸಂಕಟ. ಪುತ್ರಿಶೋಕ ಆ ನಾಲ್ಕು ಕಾರಣಗಳಲ್ಲಿ ಯಾವುದು? ಮಮತೆ ಕಳಚಿಕೊಳ್ಳಬೇಕಾದ ವ್ರತಕ್ಕೆ ಮಮತೆಯೇ ನೆಪವಾಯಿತು. ಗುರುಗಳು ತಡೆಯಬೇಕಿತ್ತು.

ರೋಗಕ್ಕೆ ಪರಿಹಾರವಿಲ್ಲ ಎಂದು ಇವತ್ತು ಹೇಳಬೇಕಾದವರು ವೈದ್ಯರು. ಅಂದು ಮದ್ದಿಲ್ಲದ ಎಷ್ಟೋ ಕಾಯಿಲೆಗೆ ಈಗ ಮದ್ದಿದೆ, ಖಿನ್ನತೆಗೂ ಇದೆ. ಪ್ರಜ್ಞೆ ತಪ್ಪಿದ ಅಜ್ಜಿಗೆ ಮನೆಯವರೇ ಸಂಕಲ್ಪ ಮಾಡಿಸಿದರೆ ಅದನ್ನು ವ್ರತ ಎನ್ನಲು ನನ್ನ ಮನಸ್ಸು ಒಪ್ಪದು. ಸುಪ್ರೀಂ ಕೋರ್ಟ್ 2018ರಲ್ಲಿ ಪ್ರಜ್ಞೆ ಇರುವಾಗಲೇ ಬರೆದಿಡುವ ಮುಂಗಡ ಇಚ್ಛಾಪತ್ರವನ್ನು ಮಾನ್ಯ ಮಾಡಿ, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಕರ್ನಾಟಕ ಸರ್ಕಾರವೂ 2025ರ ಜನವರಿ 30ರಂದು ಇದರ ಜಾರಿಗೆ ಸುತ್ತೋಲೆ ಹೊರಡಿಸಿದೆ. ಇಚ್ಛಾಪತ್ರದ ವ್ಯಾಪ್ತಿ ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವಷ್ಟಕ್ಕೆ, ಉಪವಾಸ ಅದರೊಳಗೆ ಬರುವುದಿಲ್ಲ. ಆದರೂ ಗಟ್ಟಿಯಾಗಿರುವಾಗಲೇ “ವೆಂಟಿಲೇಟರ್ ಬೇಡ, ನೋವಿಗೆ ಔಷಧಿ ಕೊಡಿ” ಎಂದು ಬರೆದಿಡಲು ಶ್ರಾವಕರಿಗೆ (ಜೈನ ಗೃಹಸ್ಥರಿಗೆ) ದಾರಿಯಾಗಿದೆ. ಸಂಕಲ್ಪ ಕೊಡುವ ಮುನ್ನ ಆಚಾರ್ಯರು ನೋವುಶಮನದ ವೈದ್ಯರನ್ನು ಕರೆಸಲಿ. ನಡುವೆ ಮನಸ್ಸು ಬದಲಾಗಿ ಒಂದು ಲೋಟ ಗಂಜಿ ಕೇಳಿದವರಿಗೆ, ಊರೆಲ್ಲ ದರ್ಶನಕ್ಕೆ ಸಾಲುಗಟ್ಟಿ ನಿಂತಿದ್ದರೂ, ಗಂಜಿ ಸಿಗಬೇಕು.