ಕೌಲು ಕೊಟ್ಟವರು, ಮನೆ ಕಟ್ಟಿದವರು

ನಮ್ಮ ಕುಡತಿನಿಯ ಹತ್ತಿರ ಒಂದು ಬೂದಿಗುಡ್ಡವಿದೆ. ಅದು ಯಾವುದೋ ರಾಕ್ಷಸನ ಚಿತೆಯ ಬೂದಿ ಎಂದು ಹಿರಿಯರು ಹೇಳುತ್ತಿದ್ದರು. ಅಲ್ಲ, ನವಶಿಲಾಯುಗದ ದನಗಾಹಿಗಳ ದೊಡ್ಡಿಯಲ್ಲಿ ರಾಶಿಬಿದ್ದು ಸುಟ್ಟ ಸಗಣಿ ಎಂದರು ಪುರಾತತ್ವಜ್ಞರು. 1957ರಲ್ಲಿ ಉಟ್ನೂರಿನ ಇಂಥದೇ ದಿಬ್ಬವನ್ನು ಅಗೆದ ಎಫ್.ಆರ್. ಆಲ್ಚಿನ್ ಅವರಿಗೆ ದನಗಳ ಗೊರಸಿನ ಗುರುತುಗಳೂ ಸಿಕ್ಕವು. ದೊರೆಯಿಲ್ಲದ, ಶಾಸನವಿಲ್ಲದ ಜನರ ಚರಿತ್ರೆಯನ್ನೂ ಓದಬಹುದು ಎಂಬುದಕ್ಕೆ ಇದು ಸಾಕ್ಷಿ. ಆದರೆ ಇಲ್ಲಿಂದ ಬಸ್ಸು ಹತ್ತಿ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಇಳಿದರೆ, ಕಣ್ಣೆದುರಿನ ಓಣಿಯನ್ನು ಓದುವವರೇ ಕಾಣುವುದಿಲ್ಲ.

ಬಳ್ಳಾರಿಯ ಕಟ್ಟಡಗಳ ಕುರಿತು ಬರೆಯುವವರು ಸಾಮಾನ್ಯವಾಗಿ ಕೋಟೆಯಿಂದ ಆರಂಭಿಸಿ ಕೋಟೆಯಲ್ಲೇ ಮುಗಿಸುತ್ತಾರೆ. ಕೋಟೆಗಿಂತ ಎದುರಿನ ಕುಂಬಾರ ಗುಡ್ಡ ಎತ್ತರವಾಯಿತೆಂದು ಹೈದರಾಲಿ ತನ್ನ ಫ್ರೆಂಚ್ ಇಂಜಿನಿಯರನನ್ನು ನೇಣಿಗೇರಿಸಿದ ಕಥೆಯನ್ನು ಯಾರೂ ಬಿಡುವುದಿಲ್ಲ. ಅದು ಐತಿಹ್ಯ. ಆ ಬಂಡೆಗಳನ್ನು ಸೀಳಿ ಹೊತ್ತ ಒಡ್ಡರ ಬಗ್ಗೆ ಮಾತ್ರ ಒಂದು ಸಾಲೂ ಇರುವುದಿಲ್ಲ.

1800ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಬಳ್ಳಾರಿಯಲ್ಲಿ ದಂಡು ನೆಲೆಯೂರಿತು, ಅದರ ಮಗ್ಗುಲಲ್ಲಿ ಬಜಾರು ಬೆಳೆಯಿತು. ಬ್ರೂಸ್ ಪೇಟೆ ಒಬ್ಬ ಇಂಗ್ಲಿಷ್ ಅಧಿಕಾರಿಯ ಹೆಸರು ಹೊತ್ತಿದೆ. ಕೌಲ್ ಬಜಾರ್ ಹೊತ್ತಿರುವುದು ಒಂದು ಮಾತನ್ನು. ಅರಬಿಯ ‘ಖೌಲ್’ ಎಂದರೆ ಆಡಿದ ಮಾತು. ನಮ್ಮ ಕಂದಾಯದ ಕಾಗದಗಳಲ್ಲಿ ಕೌಲು ಎಂದರೆ ಸರ್ಕಾರ ಬರೆದುಕೊಡುವ ಕರಾರು. ಬನ್ನಿ, ನೆಲೆಸಿ, ಅಂಗಡಿ ಹಾಕಿ, ನಿಮ್ಮನ್ನು ಎಬ್ಬಿಸುವುದಿಲ್ಲ ಎಂಬ ಭರವಸೆ ಆ ಪದದೊಳಗಿದೆ. ಕೌಲು ಕೊಟ್ಟವರು ಗೆಜೆಟಿಯರಿನಲ್ಲಿ ಉಳಿದರು. ಅದನ್ನು ನಂಬಿ ಬಂದು ಮನೆ ಕಟ್ಟಿಕೊಂಡವರು ಎಲ್ಲಿ ಉಳಿದರು?

ಉಳಿದದ್ದು ಗೋಡೆಗಳಲ್ಲಿ. ಕಲ್ಲಿನ ಗೋಡೆ, ಜಂತೆಯ ಮೇಲೆ ಮಣ್ಣಿನ ಮಾಳಿಗೆ, ಮಧ್ಯದಲ್ಲಿ ಬೆಳಕಿಂಡಿ. ಈ ಬಿಸಿಲನಾಡಿಗೆ ಅದೇ ತಕ್ಕ ಮನೆ. ಆಮೇಲೆ ಜೀನ್ಸ್ ಬಂತು. ಬಳ್ಳಾರಿಯ ಪ್ಯಾಂಟು ಊರೂರಿಗೆ ಹೋದಂತೆ ಪಡಸಾಲೆಗೆ ಹೊಲಿಗೆ ಯಂತ್ರ ಬಂತು, ಮಾಳಿಗೆ ಇಳಿಸಿ ಆರ್‌ಸಿಸಿ ಹಾಕಲಾಯಿತು, ಮೇಲೊಂದು ಅಂತಸ್ತು ಎದ್ದಿತು. ‘ಹಳೆಯ ಚೆಲುವು ಹೋಯಿತು’ ಎಂದು ಮರುಗುವ ಬರಹಗಾರರ ಮಾತು ನನಗೆ ಒಪ್ಪಿಗೆಯಿಲ್ಲ. ಮಳೆಗಾಲದಲ್ಲಿ ಸೋರುವ ಮಾಳಿಗೆಯ ಕೆಳಗೆ ಪಾತ್ರೆ ಇಟ್ಟವರು ಹಾಗೆ ಮರುಗಲಾರರು. ದುಡಿದು ತಿನ್ನುವವರು ತಮ್ಮ ಮನೆ ಬದಲಿಸಿಕೊಂಡರೆ ಅದೂ ಚರಿತ್ರೆಯೇ. ಅದನ್ನು ಬರೆದಿಡದಿರುವುದೇ ತಪ್ಪು.

ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಕೆಲವು ವರ್ಷಗಳ ಹಿಂದೆ ಈ ಭಾಗದ ಒಂದು ಹಳೆಯ ಮಸೀದಿಯನ್ನು ಕೆಡವಿ ದೊಡ್ಡದಾಗಿ ಕಟ್ಟಿದರು. ಜನ ಹೆಚ್ಚಿದ್ದರು, ಜಾಗ ಸಾಲುತ್ತಿರಲಿಲ್ಲ, ಕಟ್ಟಿದ್ದು ಸರಿ. ಬಾಗಿಲ ಮೇಲಿದ್ದ ಉರ್ದು ಬರಹದ ಕಲ್ಲು ಎಲ್ಲಿ ಎಂದು ಕೇಳಿದೆ. ವಜೂ ಮಾಡುವಲ್ಲಿ ಕಾಲಿಡಲು ಹಾಕಿದ್ದರು. ಬಗ್ಗಿ ಓದಿದೆ. ಕಟ್ಟಿಸಿದವನು ನವಾಬನಲ್ಲ, ಒಬ್ಬ ದರ್ಜಿ. ಹೆಸರು ಅರ್ಧ ಸವೆದಿತ್ತು. ಪಕ್ಕದಲ್ಲಿದ್ದ ಹುಡುಗ, “ಚಾಚಾ, ಅದರಲ್ಲಿ ಏನು ಬರೆದಿದೆ?” ಎಂದ. ಅವನಿಗೆ ಕುರ್‌ಆನಿನ ಅಕ್ಷರ ಗೊತ್ತಿತ್ತು, ಉರ್ದು ಗೊತ್ತಿರಲಿಲ್ಲ. ಕನ್ನಡ ಬಲ್ಲ ಚರಿತ್ರಕಾರರಿಗೆ ಆ ಕಲ್ಲು ಓದಲು ಬಾರದು. ಓದಬಲ್ಲ ನಾವು ಕನ್ನಡದಲ್ಲಿ ಬರೆಯಲಿಲ್ಲ. ಆಮೇಲೆ ‘ನಮ್ಮ ಚರಿತ್ರೆಯನ್ನು ಅಳಿಸುತ್ತಿದ್ದಾರೆ’ ಎಂದು ದೂರುತ್ತೇವೆ. ಆ ದೂರಿನಲ್ಲಿ ನಿಜವಿದ್ದರೂ, ಕಾಲಡಿಯ ಕಲ್ಲನ್ನು ನಮ್ಮ ಕಾಲುಗಳೇ ಸವೆಸಿದವು.

ಹಳೆಯದನ್ನೆಲ್ಲ ಉಳಿಸಿ ಎನ್ನುವುದಿಲ್ಲ. ಕೆಡಹುವ ಮುನ್ನ ಒಂದು ಫೋಟೊ ತೆಗೆಯಿರಿ, ಮನೆಯ ಹಿರಿಯರನ್ನು ಕೇಳಿ ನಾಲ್ಕು ಸಾಲು ಕನ್ನಡದಲ್ಲಿ ಬರೆದಿಡಿ. ಸಾವಿರಾರು ವರ್ಷ ಹಿಂದಿನ ದನದ ಹೆಜ್ಜೆ ಬೂದಿಯಲ್ಲಿ ಉಳಿಯಿತು. ನಿನ್ನೆಯ ದರ್ಜಿಯ ಹೆಸರನ್ನು ಉಳಿಸುವುದು ನಮ್ಮಿಂದ ಆಗದೆ?