ಬಿದ್ದ ಮನೆಯ ಜಾಗದಲ್ಲಿ ಆರು ಮನೆ

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಹಳೆಯ ಓಣಿಗಳಲ್ಲಿ ಅಡ್ಡಾಡಿದವರಿಗೆ ಈ ನೋಟ ಹೊಸದಲ್ಲ. ಒಂದಕ್ಕೊಂದು ಆತು ನಿಂತ ಮಣ್ಣಿನ ಮಾಳಿಗೆಯ ಮನೆಗಳ ನಡುವೆ ಒಂದು ಖುಲ್ಲಾ ಜಾಗ. ಅದರಲ್ಲಿ ಜಾಲಿಗಿಡ, ಓಣಿಯವರೆಲ್ಲ ಚೆಲ್ಲಿದ ಕಸ, ಅರ್ಧ ಉಳಿದ ಗೋಡೆ, ಆ ಗೋಡೆಯಲ್ಲಿ ಇನ್ನೂ ಮಸಿ ಹಿಡಿದ ದೀಪದ ಮಾಡ. ಅದೇ ಊರಿನ ಹೊರಗೆ ಹೋಗಿ ನೋಡಿದರೆ ನಿನ್ನೆಯವರೆಗೆ ಜೋಳ, ಕಡಲೆ ಬೆಳೆದ ಎರೆಹೊಲದಲ್ಲಿ ಬಿಳಿ ಬಣ್ಣದ ಕಲ್ಲು ನೆಟ್ಟು ಎನ್.ಎ. ಪ್ಲಾಟು ಮಾಡಿರುತ್ತಾರೆ. ಒಳಗೆ ಮನೆ ಬಿದ್ದು ಹಾಳಾಗುತ್ತಿದೆ, ಹೊರಗೆ ಹೊಲ ಅಳಿದು ಮನೆಯಾಗುತ್ತಿದೆ. ಎರಡಕ್ಕೂ ಸಂಬಂಧವಿದೆ ಎಂದು ನಮ್ಮ ವಸತಿ ಯೋಜನೆಗಳು ಇದುವರೆಗೆ ಒಪ್ಪಿಕೊಂಡಿಲ್ಲ.

ಮನೆ ಯಾಕೆ ಬೀಳುತ್ತದೆ? ಮಣ್ಣಿನ ಮಾಳಿಗೆಗೆ ಮಳೆಗಾಲದ ಮುಂಚೆ ಸವಳು ಮಣ್ಣು ಹಾಕಿ ತುಳಿಯಬೇಕು. ಒಂದೆರಡು ವರ್ಷ ಬಿಟ್ಟರೆ ನೀರು ಜಂತಿಗೆ ಇಳಿಯುತ್ತದೆ. ಗೋಡೆಗಳು ಹಂಚಿಕೊಂಡವಾದ್ದರಿಂದ ಒಂದು ಮನೆ ಕುಸಿದರೆ ಪಕ್ಕದ ಮನೆಯ ಗೋಡೆ ಮಳೆಗೆ ಬರಿಮೈಯಾಗಿ ನಿಲ್ಲಬೇಕಾಗುತ್ತದೆ. 2019ರ ಆಗಸ್ಟ್ ಮಳೆ ಮತ್ತು ಬೆಣ್ಣಿಹಳ್ಳದ ನೆರೆ ಇದನ್ನು ಒಮ್ಮೆಲೇ ತೋರಿಸಿತು. ಪೂರ್ತಿ ಬಿದ್ದ ಮನೆಗೆ ಸರ್ಕಾರ ಐದು ಲಕ್ಷ ರೂಪಾಯಿ ಘೋಷಿಸಿತು. ದೊಡ್ಡ ಮೊತ್ತವೇ, ತಕರಾರಿಲ್ಲ. ಆದರೆ ಅದು ಮನೆಯನ್ನು ಒಂಟಿ ವಸ್ತುವೆಂದು ಎಣಿಸಿ ಕೊಟ್ಟ ಹಣ. ಆ ಮನೆಗೆ ಆತುಕೊಂಡ ಓಣಿ ಅದರ ಲೆಕ್ಕದಲ್ಲಿ ಬರಲಿಲ್ಲ.

ಮಳೆಯಷ್ಟೇ ಕಾರಣವೆಂದರೆ ಅರ್ಧ ಸತ್ಯ. ಖುಲ್ಲಾ ಜಾಗ ಖುಲ್ಲಾ ಆಗಿಯೇ ಉಳಿಯುವುದು ಕಾಗದದಿಂದ. ಅಜ್ಜನ ಹೆಸರಿನಲ್ಲಿರುವ ಉತಾರ, ವಾಟ್ನಿ ಆಗದ ಮೂರು ತಲೆಮಾರು, ಹುಬ್ಬಳ್ಳಿಗೆ ಹೋದ ಅಣ್ಣ, ಗೋವಾಕ್ಕೆ ದುಡಿಯಲು ಹೋದ ತಮ್ಮ, ಕೊಟ್ಟ ಮನೆಯಲ್ಲಿರುವ ಅಕ್ಕತಂಗಿಯರು. ಯಾರೂ ಮಾರಲಾರರು, ಯಾರೂ ಕಟ್ಟಲಾರರು. ಒಂದು ಲೆಕ್ಕ ಹಾಕಿ ನೋಡೋಣ. ಜಾಗ ನಲವತ್ತು ಅಡಿ ಮುಖ, ಎಂಬತ್ತು ಅಡಿ ಆಳ. ಒಟ್ಟು 3,200 ಚದರ ಅಡಿ. ಮನೆಯ ಯಜಮಾನ ತೀರಿಕೊಂಡಿದ್ದಾನೆ. ಹೆಂಡತಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು ಇದ್ದಾರೆ. ಮುಸ್ಲಿಂ ವಾರಸಾ ಪ್ರಕಾರ ಹೆಂಡತಿಗೆ ಎಂಟನೆಯ ಒಂದು ಪಾಲು, ಅಂದರೆ 400 ಚದರ ಅಡಿ. ಉಳಿದದ್ದರಲ್ಲಿ ಗಂಡುಮಗನಿಗೆ ಎರಡು, ಹೆಣ್ಣುಮಗಳಿಗೆ ಒಂದು: ಗಂಡುಮಕ್ಕಳಿಗೆ ತಲಾ 800, ಹೆಣ್ಣುಮಕ್ಕಳಿಗೆ ತಲಾ 400. ಲೆಕ್ಕ ಬಿಡಿ ಉಳಿಯದೆ ಕೂಡುತ್ತದೆ.

ಕಾಗದದಲ್ಲಿ ಕೂಡಿದ್ದು ನೆಲದ ಮೇಲೆ ಕೂಡುವುದಿಲ್ಲ. ಎಂಬತ್ತು ಅಡಿ ಆಳದ ಜಾಗವನ್ನು ಉದ್ದಕ್ಕೆ ಸೀಳಿದರೆ 400 ಚದರ ಅಡಿಯ ಪಾಲಿಗೆ ಬರುವುದು ಐದಡಿ ಅಗಲದ ಪಟ್ಟಿ. ಐದಡಿಯಲ್ಲಿ ಯಾರು ಮನೆ ಕಟ್ಟುತ್ತಾರೆ? ಆಗ ಹಿರಿಯರು ಕೂತು ಒಂದು ತೋಡು ಹುಡುಕುತ್ತಾರೆ: ಹೆಣ್ಣುಮಕ್ಕಳು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಲಿ, ಒಂದೊಂದು ಸೀರೆ ಕೊಡೋಣ. ಇದು ನಮ್ಮವರ ಮನೆಯ ಕತೆ ಮಾತ್ರವಲ್ಲ. ಹಿಂದೂ ಅವಿಭಕ್ತ ಕುಟುಂಬಗಳಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಬಂತು, ಇಡೀ ದೇಶಕ್ಕೆ 2005ರಲ್ಲಿ. ಸೀರೆಯ ಬಣ್ಣ ಬೇರೆ, ಸಹಿ ಒಂದೇ. ಜಾಗ ಸಣ್ಣದು ಎಂಬ ನೆಪವೇ ಪಾಲು ತಪ್ಪಿಸುವ ಅತ್ಯಂತ ಸಭ್ಯವಾದ ದಾರಿ.

ಆದ್ದರಿಂದ ಹಳೆಯ ಓಣಿಯ ಖುಲ್ಲಾ ಜಾಗದಲ್ಲಿ ಸಣ್ಣ ಸಾಲುಮನೆಗಳನ್ನು ಯೋಜಿಸುವುದು ಬರೀ ಇಂಜಿನಿಯರನ ನಕಾಶೆಯ ವಿಷಯ ಎಂದು ನಾವು ತಿಳಿಯುವುದಿಲ್ಲ. ಅದೇ ಜಾಗವನ್ನು ಬೇರೆ ರೀತಿ ಬರೆದುಕೊಳ್ಳಿ. ನಡುವೆ ಓಣಿಯಿಂದ ಹಿಂದಿನವರೆಗೆ ಎಂಟಡಿ ದಾರಿ. ಎಂಟಡಿಯೆಂದರೆ ನಾಲ್ವರು ಹೆಗಲು ಕೊಟ್ಟು ಜನಾಜಾ ಹೊರಡಿಸುವಷ್ಟು ಅಗಲ. ಬೈಕು ಬರುತ್ತದೆ, ಟ್ರ್ಯಾಕ್ಟರು ತಿರುಗದು. ದಾರಿಯ ಎರಡೂ ಬದಿಗೆ ಹದಿನಾರು ಅಡಿ ಆಳ, ಇಪ್ಪತ್ತು ಅಡಿ ಉದ್ದದ ಮೂರು ಮೂರು ಮನೆ. ಕೊನೆಯ ಇಪ್ಪತ್ತು ಅಡಿ ಯಾರ ಮನೆಯೂ ಅಲ್ಲದ ಬಯಲು, ಎಂಟುನೂರು ಚದರ ಅಡಿ. ಆರು ಮನೆಗಳು, ಆರು ವಾರಸುದಾರರು. ಒಂದೊಂದು ಮನೆ ನೆಲದ ಮೇಲೆ 320 ಚದರ ಅಡಿ. ಹೆಚ್ಚು ಪಾಲಿರುವ ಗಂಡುಮಕ್ಕಳಿಗೆ ಮಾಳಿಗೆಯ ಮೇಲೆ ಏರಿಸುವ ಹಕ್ಕು ಹೆಚ್ಚು ಕೊಡಬಹುದು, ಇಲ್ಲವೇ ಹಣದಲ್ಲಿ ತೂಗಿಸಬಹುದು. ಯಾರೂ ಐದಡಿ ಪಟ್ಟಿಗೆ ಬೀಳುವುದಿಲ್ಲ.

320 ಚದರ ಅಡಿಯಲ್ಲಿ ಬದುಕಲಾದೀತೇ ಎಂದು ಮೂಗು ಮುರಿಯುವವರಿದ್ದಾರೆ. 2015ರ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರಗಳ ಬಡವರಿಗೆ ಇಟ್ಟ ಅಳತೆಯೇ ಮೂವತ್ತು ಚದರ ಮೀಟರು, ಹೆಚ್ಚುಕಡಿಮೆ ಇಷ್ಟೇ. ನಮ್ಮ ಟೀಕೆ ಅಳತೆಯ ಮೇಲಲ್ಲ, ಆ ಅಳತೆಯೊಳಗೆ ತುಂಬಿದ ಕಲ್ಪನೆಯ ಮೇಲೆ. ಆಶ್ರಯ ಮನೆಯಿಂದ ಹಿಡಿದು ಇಂದಿನವರೆಗೆ ಸರ್ಕಾರದ ಮನೆಯೆಂದರೆ ಇಪ್ಪತ್ತು-ಮೂವತ್ತರ ಬಯಲು ನಿವೇಶನದ ನಡುವೆ ನಿಂತ ಒಂದು ಡಬ್ಬಿ: ಹಾಲು, ರೂಮು, ಅಡಿಗೆಕೋಣೆ. ಕಟ್ಟೆಯಿಲ್ಲ. ಹಿತ್ತಲಿಲ್ಲ. ಕಾಳು ಒಣಹಾಕುವ, ಕೌದಿ ಹೊಲಿಯುವ, ಬಾಣಂತಿ ಬಿಸಿಲಿಗೆ ಕೂರುವ ಜಾಗವಿಲ್ಲ. 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ಕಟ್ಟಿದ ಆಸರೆ ಮನೆಗಳ ಸಾಲುಗಳು ಇದರ ದೊಡ್ಡ ಪಾಠ. ಹೊಲ ದೂರ, ದನಕ್ಕೆ ಜಾಗವಿಲ್ಲ ಎಂದು ಎಷ್ಟೋ ಕುಟುಂಬಗಳು ಅಲ್ಲಿಗೆ ಹೋಗಲೇ ಇಲ್ಲ. ಹೋದವರೂ ಮುಂದೆ ತಗಡಿನ ಚಪ್ಪರ ಎಳೆದು ತಮಗೆ ಬೇಕಾದ ಪಡಸಾಲೆಯನ್ನು ತಾವೇ ಮಾಡಿಕೊಂಡರು. ಆ ತಗಡಿನ ಚಪ್ಪರವನ್ನು ಅಧಿಕಾರಿಗಳು ಅತಿಕ್ರಮಣ ಎಂದರು. ನಮಗೆ ಅದು ನಕಾಶೆಗೆ ಜನ ಬರೆದ ತಿದ್ದುಪಡಿಯಂತೆ ಕಾಣುತ್ತದೆ.

ಈ ಮಾತು ನವಲಗುಂದದಲ್ಲಿ ಇನ್ನೂ ತೀಕ್ಷ್ಣವಾಗುತ್ತದೆ. ಅಲ್ಲಿನ ಜಮಖಾನೆಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಆದಿಲಶಾಹಿ ಕಾಲದಲ್ಲಿ ವಿಜಾಪುರದಿಂದ ಬಂದವರೆಂದು ಹೇಳಿಕೊಳ್ಳುವ ಮುಸ್ಲಿಂ ಕುಟುಂಬಗಳ ಹೆಂಗಸರು, ಹೆಂಗಸರು ಮಾತ್ರ, ಮನೆಯೊಳಗೆ ನಿಂತ ಮಗ್ಗದಲ್ಲಿ ಪಂಜಾದಿಂದ ಬಡಿದು ನೇಯುವ ನೇಯ್ಗೆ ಅದು. ನಡುವೆ ಪಗಡೆ ಹಾಸು, ಸುತ್ತ ನವಿಲು. ನಮಾಜಿಗೆ ಜಾನಮಾಜ್ ಬೇರೆ. ಈಗ ನೇಯುವ ಕೈಗಳು ಬೆರಳೆಣಿಕೆಗೆ ಬಂದಿವೆ. ಕೂಲಿ ಕಡಿಮೆ ಎಂಬುದು ಮೊದಲ ಕಾರಣ, ಸರಿ. ಆದರೆ ಆ ಮಗ್ಗ ಒಂದು ಗೋಡೆಯ ಉದ್ದ, ಮಾಳಿಗೆಯ ಎತ್ತರ, ಬಾಗಿಲ ಬೆಳಕು ಮೂರನ್ನೂ ಕೇಳುತ್ತದೆ. ಪಾಲು ಹಂಚಿ ಹಂಚಿ ಕಿರಿದಾದ ಮನೆಯಲ್ಲಿ ಮಂಚ ಮೊದಲೋ ಮಗ್ಗ ಮೊದಲೋ? ಊರ ಹೊರಗಿನ ಡಬ್ಬಿಮನೆಗೆ ಮಗ್ಗವನ್ನು ಹೊತ್ತು ಒಯ್ದರೂ ನಾಲ್ಕು ಕೈ ಕೂಡಿ ನೇಯುವ ನೆರೆಹೊರೆಯನ್ನು ಒಯ್ಯಲಾಗದು. ಕಸುಬಿಗೆ ಪ್ರಮಾಣಪತ್ರ ಕೊಟ್ಟ ಸರ್ಕಾರ ಕಸುಬಿನ ಗೋಡೆಯನ್ನು ಮರೆತಿದೆ.

ಇನ್ನೊಂದು ಮಾತೂ ಇದೆ. ಈ ವಿದ್ಯೆಯನ್ನು ಮಗಳಿಗೆ ಕಲಿಸುತ್ತಿರಲಿಲ್ಲ, ಸೊಸೆಗೆ ಕಲಿಸುತ್ತಿದ್ದರು ಎನ್ನುತ್ತಾರೆ. ಮಗಳು ಕೊಟ್ಟ ಊರಿಗೆ ಗುಟ್ಟು ಒಯ್ದಾಳು ಎಂಬ ಭಯ. ಮಗ್ಗವೂ ಇಲ್ಲ, ಜಾಗವೂ ಇಲ್ಲ. ಮಗಳಿಗೆ ತವರಿನಿಂದ ಸಿಕ್ಕಿದ್ದು ಸೀರೆ. ಆರು ಮನೆಯ ಸಾಲಿನಲ್ಲಿ ಮೂರು ಹೆಣ್ಣುಮಕ್ಕಳ ಹೆಸರಿಗಿದ್ದರೆ ಅವರು ಅಲ್ಲಿ ಇರಲಿ, ಬಾಡಿಗೆಗೆ ಕೊಡಲಿ, ಗಂಡನ ಮನೆಯಲ್ಲಿ ಕಷ್ಟ ಬಂದಾಗ ಮರಳಿ ಬರಲಿ, ಅವರಿಗೆ ಒಂದು ಬಾಗಿಲು ಇರುತ್ತದೆ.

ಕಟ್ಟುವ ಕಷ್ಟವನ್ನು ಹಗುರ ಮಾಡಿ ಹೇಳಬಾರದು. ನವಲಗುಂದ, ಅಣ್ಣಿಗೇರಿ, ಕುಂದಗೋಳದ ನೆಲ ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರೊಂದಿಗೆ ಗೋಡೆಯೂ ಬಿರಿಯುತ್ತದೆ. ಎರೆಯನ್ನು ಆಳಕ್ಕೆ ತೆಗೆದು ಗರಸು ತುಂಬಬೇಕು, ಇಲ್ಲವೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ರೂಪಿಸಿದ, ತಳದಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟು ಕಂಬಗಳನ್ನು ಇಳಿಸಬೇಕು. ಒಬ್ಬ ಬಡವನಿಗೆ ಈ ಖರ್ಚು ಭಾರ. ಆರು ಮನೆಗೆ ಒಂದೇ ಬಾರಿ ಯಂತ್ರ ಬಂದರೆ ಭಾರ ಹಂಚಿಹೋಗುತ್ತದೆ, ಪಕ್ಕದ ಗೋಡೆಗಳೂ ನಾಲ್ಕು ಉಳಿಯುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬೆಳೆದ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಇಲ್ಲಿ ಹಾಗೆಯೇ ಬಳಸಲಾಗದು. ಎರೆಗೆ ಮರಳು, ಸುಣ್ಣ ಕೂಡಿಸಬೇಕು, ಇಲ್ಲವೇ ಕಲಘಟಗಿ ಕಡೆಯ ಕೆಂಪುಮಣ್ಣು ತರಬೇಕು. ಬೆಳಕಿನ ಪ್ರಶ್ನೆಗೆ ನಮ್ಮ ಹಿರಿಯರು ಮಾಳಿಗೆಯಲ್ಲಿ ಬೆಳಕಿಂಡಿ ಇಟ್ಟು ಉತ್ತರ ಹೇಳಿದ್ದಾರೆ. ಮೂರು ಬದಿ ಮುಚ್ಚಿದ ಮನೆಗೆ ಇಂದಿಗೂ ಅದಕ್ಕಿಂತ ಅಗ್ಗದ ಉಪಾಯವಿಲ್ಲ.

ನಡುಗೋಡೆಯ ಜಗಳ ಓಣಿಯಷ್ಟೇ ಹಳೆಯದು. ಇದನ್ನು ಬಲ್ಲ ಚಾರ್ಲ್ಸ್ ಕೊರಿಯಾ ಎಂಬತ್ತರ ದಶಕದಲ್ಲಿ ನವಿ ಮುಂಬಯಿಯ ಬೇಲಾಪುರದಲ್ಲಿ ಸಣ್ಣ ಅಂಗಳದ ಸುತ್ತ ಏಳೇಳು ಮನೆ ಕೂರಿಸಿದಾಗ ಯಾರಿಗೂ ಯಾರೊಡನೆಯೂ ಗೋಡೆ ಹಂಚಲಿಲ್ಲ. ನೆರೆಯವನ ಅಪ್ಪಣೆ ಕೇಳದೆ ಬೆಳೆಯಲಿ ಎಂಬುದು ಅವರ ವಾದ. ಚಂದದ ವಾದ, ಆದರೆ ಹದಿನಾರು ಅಡಿಯ ಜಾಗಕ್ಕೆ ದುಬಾರಿ. ನಮಗೆ ಹೆಚ್ಚು ಹತ್ತಿರವೆನಿಸುವುದು ಚಿಲಿ ದೇಶದ ಇಕಿಕೆಯಲ್ಲಿ ಅಲೆಹಾಂದ್ರೊ ಅರಾವೇನಾ ಮಾಡಿದ ಕೆಲಸ. ನಗರದ ನಡುವಿನ ಅರ್ಧ ಹೆಕ್ಟೇರಿನಲ್ಲಿ ಮೂವತ್ತು ವರ್ಷದಿಂದ ಗುಡಿಸಲು ಹಾಕಿಕೊಂಡಿದ್ದ ಸುಮಾರು ನೂರು ಕುಟುಂಬಗಳನ್ನು ಊರಾಚೆಗೆ ಅಟ್ಟದೆ ಅಲ್ಲೇ ಉಳಿಸಿದರು. ತಲಾ 7,500 ಡಾಲರಿನ ಸಹಾಯಧನಕ್ಕೆ ಪೂರ್ಣ ಮನೆ ಬರದು. ಹಾಗಾಗಿ ಅರ್ಧ ಮನೆಯನ್ನು ಗಟ್ಟಿಯಾಗಿ ಕಟ್ಟಿಕೊಟ್ಟು ಉಳಿದರ್ಧಕ್ಕೆ ಜಾಗ ಬಿಟ್ಟರು. ಜನ ಅದನ್ನು ತಾವೇ ತುಂಬಿದರು. ಅಂಕಣದ ಲೆಕ್ಕದಲ್ಲಿ ಮನೆ ಕಟ್ಟಿದ ನಮ್ಮ ಸೀಮೆಗೆ ಇದು ಪರಕೀಯವೇನಲ್ಲ. ಎರಡಂಕಣ ಮೊದಲು, ಮಗನ ಮದುವೆಗೆ ಮತ್ತೊಂದಂಕಣ.

ಇಷ್ಟು ಹೇಳಿ ಹಳೆಯ ಓಣಿಗೆ ಹೂವು ಏರಿಸಿದೆವೆಂದು ಯಾರೂ ತಿಳಿಯಬಾರದು. ಓಣಿಗಳ ಹೆಸರು ಕೇಳಿ ನೋಡಿ: ಕುಂಬಾರ ಓಣಿ, ಕುರುಬರ ಓಣಿ, ಊರಂಚಿನಲ್ಲಿ ಮಾದರ ಓಣಿ. ಹಳೆಯ ಊರು ಜಾತಿಯ ನಕಾಶೆಯ ಮೇಲೆಯೇ ನಿಂತಿದೆ. ನಮ್ಮ ಗಲ್ಲಿಗಳೂ ಹೊರತಲ್ಲ. ಹೊಸ ಬಡಾವಣೆ ಈ ಗೆರೆ ಅಳಿಸೀತು ಎಂಬ ಆಸೆ ಒಂದು ಕಾಲಕ್ಕೆ ಇತ್ತು. ಯಾರಿಗೆ ಪ್ಲಾಟು ಮಾರಬೇಕು, ಯಾರಿಗೆ ಬಾಡಿಗೆ ಕೊಡಬಾರದು ಎಂಬ ಪಿಸುಮಾತು ಅಲ್ಲಿಯೂ ಹೊಕ್ಕಿತು. ಹಳೆಯ ಓಣಿಯಲ್ಲಿ ಕನಿಷ್ಠ ಗೋಡೆಗೆ ಗೋಡೆ ತಾಗಿ ಜಗಳವಾದರೂ ಆಗುತ್ತಿತ್ತು.

ಹಾಗಾದರೆ ಅಡ್ಡಿ ಎಲ್ಲಿದೆ? ನವಲಗುಂದ, ಅಣ್ಣಿಗೇರಿಯ ಪುರಸಭೆಯಲ್ಲಿ, ಕುಂದಗೋಳ, ಕಲಘಟಗಿಯ ಪಟ್ಟಣ ಪಂಚಾಯತಿಯಲ್ಲಿ ಸಹಾಯಧನದ ಅರ್ಜಿ ಒಬ್ಬ ಫಲಾನುಭವಿ, ಒಂದು ನಿವೇಶನ, ಒಂದು ಖಾತೆ ಎಂದು ಕೇಳುತ್ತದೆ. ಆವಾಸ್ ಯೋಜನೆ ಮನೆಯ ಹಕ್ಕು ಹೆಂಗಸಿನ ಹೆಸರಿನಲ್ಲಿ, ಇಲ್ಲವೇ ಜಂಟಿಯಾಗಿ ಇರಲಿ ಎಂದಿತು, ಒಳ್ಳೆಯದು. ಆದರೆ ಅದು ನೆನೆದದ್ದು ಹೆಂಡತಿಯನ್ನು, ಮಗಳನ್ನಲ್ಲ. ಆರು ಜನರ ಹೆಸರಿರುವ ಉತಾರ ಹಿಡಿದು ಹೋದರೆ ಮೊದಲು ಒಡಕು ಮಾಡಿಸಿಕೊಂಡು ಬನ್ನಿ ಎನ್ನುತ್ತಾರೆ, ಒಡಕು ಮಾಡಿಸಿದರೆ ಐದಡಿ ಪಟ್ಟಿ. ಸುತ್ತ ಇಷ್ಟಿಷ್ಟು ಅಡಿ ಬಿಡಬೇಕೆಂಬ ಕಟ್ಟಡ ನಿಯಮ ಹೊಲದ ಮೇಲೆ ಬರೆದ ಬಡಾವಣೆಗೆ ಹೊಂದುವಂಥದ್ದು. ಆರು ಹೆಸರಿನ ಒಂದು ಅರ್ಜಿ, ಒಂದು ನಕಾಶೆ, ಆರು ಸಹಾಯಧನ ಎಂದು ಪುರಸಭೆ ಒಮ್ಮೆ ಒಪ್ಪಿ ನೋಡಲಿ. ನಡುಗೋಡೆ ಅರ್ಧ ಅರ್ಧ, ಮೇಲೇರಿಸುವ ಹಕ್ಕು ಯಾರದು, ದಾರಿ ಎಲ್ಲರದು ಎಂದು ಆ ನಕಾಶೆಯ ಹಿಂದೆಯೇ ಬರೆದು ನೋಂದಣಿ ಮಾಡಿಸಲಿ. ಹಿಂದಿನ ಬಯಲಿನಲ್ಲಿ ಒಂದೇ ನಳ ಬರುತ್ತದೆ, ಅದರ ಪಟ್ಟಿ ಯಾರ ಹೆಸರಿಗೆ ಬರಬೇಕು ಎಂಬುದನ್ನೂ ಆಗಲೇ ಬಗೆಹರಿಸಿಕೊಳ್ಳಬೇಕು. ನಮ್ಮನ್ನು ಕೇಳಿದರೆ ಮೂವರು ಹೆಣ್ಣುಮಕ್ಕಳಲ್ಲಿ ಒಬ್ಬಳ ಹೆಸರಿಗೆ ಬರಲಿ.